ಇಐಎ ವ್ಯವಸ್ಥೆಗೆ ಮಂಡ್ಯ ಕಡೆಯಿಂದ ಎರಡು ಸ್ಟಾರ್

5ಕ್ಕೆ 2 ಕೊಟ್ಟಿದ್ದೇನೆ. ಕಡಿಮೆ ಆಯಿತು ಅನ್ನಿಸಿದರೆ ಪಾಂಡವಪುರ ಕಡೆ ಬನ್ನಿ, ಕ್ವಾರಿ ಪಕ್ಕದ ಹೊಲದಲ್ಲಿ ನಿಂತು ಮಾತಾಡೋಣ.

ಗಣಿ, ಕಾರ್ಖಾನೆ, ದೊಡ್ಡ ಕಟ್ಟಡ ಶುರುವಾಗುವ ಮೊದಲೇ ನೀರಿಗೆ, ಗಾಳಿಗೆ, ಜನಕ್ಕೆ ಏನಾಗುತ್ತದೆ ಅಂತ ಅಂದಾಜು ಮಾಡಿ ಆಮೇಲೆ ಅನುಮತಿ ಕೊಡಬೇಕು. ಅದೇ ಇಐಎ, ಅಂದರೆ ಪರಿಸರ ಪರಿಣಾಮದ ಅಂದಾಜು. 1994ರಲ್ಲಿ ಕಡ್ಡಾಯವಾಯಿತು, ಈಗ ನಡೆಯುತ್ತಿರುವುದು 2006ರ ಅಧಿಸೂಚನೆ. ಓದೋಕೆ ಚೆನ್ನಾಗಿಯೇ ಇದೆ.

ಮೊದಲ ತಕರಾರು, ವರದಿ ಬರೆಯುವ ಕನ್ಸಲ್ಟೆಂಟಿಗೆ ದುಡ್ಡು ಕೊಡುವುದು ಯೋಜನೆಯ ಮಾಲೀಕರೇ. ಗಂಡಿನ ಕಡೆಯವರಿಂದ ಕಮಿಷನ್ ತೆಗೆದುಕೊಂಡ ಬ್ರೋಕರ್ 'ಹುಡುಗ ಕುಡಿಯುತ್ತಾನೆ' ಅಂತ ಹೇಳುತ್ತಾನಾ? ಮಾನ್ಯತೆ ಇರುವ ಸಂಸ್ಥೆಯೇ ಬರೆಯಬೇಕು ಅಂತ ನಿಯಮ ತಂದಿದ್ದಾರೆ, ಸರಿ, ದುಡ್ಡು ಬರುವ ಕಡೆ ಮಾತ್ರ ಬದಲಾಗಿಲ್ಲ.

ಆಮೇಲೆ ಸಾರ್ವಜನಿಕ ಆಲಿಕೆ ಸಭೆ. 30 ದಿನ ಮುಂಚೆ ಪೇಪರಿನಲ್ಲಿ ನೋಟಿಸ್ ಬರಬೇಕು, ಸಭೆಯನ್ನು ವಿಡಿಯೊ ಮಾಡಬೇಕು. ನಾನು ಕೂತಿದ್ದ ಸಭೆಯಲ್ಲಿ ಬೋರ್‌ವೆಲ್ ಗತಿ ಏನು ಅಂತ ಕೇಳಿದವರಿಗೆಲ್ಲ 'ವರದಿಯಲ್ಲಿದೆ ನೋಡಿ' ಅನ್ನುವ ಉತ್ತರ. ವರದಿ ನೋಡಿದರೆ ದಪ್ಪ ಇಂಗ್ಲಿಷ್ ಪುಸ್ತಕ, ಕನ್ನಡದಲ್ಲಿ ಇದ್ದದ್ದು ಸಾರಾಂಶ ಮಾತ್ರ. ಇಷ್ಟೇ ಜನ ಬರಬೇಕು ಅನ್ನುವ ಕೋರಂ ಕೂಡ ಇಲ್ಲ, ಶಾಮಿಯಾನ ಖಾಲಿ ಹೊಡೆದರೂ ಸಭೆ ನಡೆದ ಲೆಕ್ಕವೇ. ಭಾಷೆಯ ಜಗಳ ನಮ್ಮೂರಿನದು ಮಾತ್ರ ಅಲ್ಲ ಬಿಡಿ. ಈ ಅಧಿಸೂಚನೆಯ ಬದಲಿಗೆ ತರಲು ಹೊರಟ 2020ರ ಹೊಸ ಕರಡನ್ನು 22 ಭಾಷೆಗಳಿಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು, ಅದನ್ನು ಅಂತಿಮ ಮಾಡಬೇಡಿ ಅಂತ ನಮ್ಮ ಹೈಕೋರ್ಟ್ ಕೂಡ ತಡೆ ಕೊಟ್ಟಿತ್ತು.

ಇಷ್ಟಾದರೂ ಸಭೆ ಸಿಕ್ಕವರು ಪುಣ್ಯವಂತರು. ಯೋಜನೆ ಬಿ2 ಪಟ್ಟಿಗೆ, ಅಂದರೆ ಪರಿಣಾಮ ಕಡಿಮೆ ಅಂತ ಲೆಕ್ಕ ಹಾಕಿದವುಗಳ ಪಟ್ಟಿಗೆ ಬಿದ್ದರೆ ಇಐಎ ವರದಿಯೂ ಬೇಡ, ಸಭೆಯೂ ಬೇಡ.

ನನಗೆ ಜಾಸ್ತಿ ಸಿಟ್ಟು ಇರುವುದು ಇ.ಸಿ. (ಪರಿಸರ ಅನುಮತಿ) ಸಿಕ್ಕ ಮೇಲಿನ ಕಥೆಗೆ. ಧೂಳಿಗೆ ನೀರು ಹಾಕಿ, ಗಿಡ ನೆಡಿ, ಟಿಪ್ಪರಿಗೆ ಟಾರ್ಪಾಲ್ ಮುಚ್ಚಿ ಅಂತ ಷರತ್ತುಗಳ ಉದ್ದ ಪಟ್ಟಿ ಇರುತ್ತದೆ. ಅದನ್ನೆಲ್ಲ ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ ವರದಿ ಕೊಡುವುದು ಯಾರು? ಅದೇ ಮಾಲೀಕರು! ಬಂದು ನೋಡುವವರು ಅಪರೂಪ. ನಮ್ಮ ಕಬ್ಬಿನ ಗರಿ ಮೇಲೆ ಕೂತ ಜಲ್ಲಿ ಪುಡಿ ಯಾವ ವರದಿಯಲ್ಲೂ ಬರುವುದಿಲ್ಲ. ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸಿ ಅಂದದ್ದೂ 2024ರ ಜನವರಿಯಲ್ಲಿ ಹೈಕೋರ್ಟ್, ಈ ವ್ಯವಸ್ಥೆ ಅಲ್ಲ. ಇನ್ನು ಕೆಲಸ ಶುರು ಮಾಡಿ ಆಮೇಲೆ ಅನುಮತಿ ಕೇಳುವುದು ತಪ್ಪು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಖುಷಿಯಾಗಿತ್ತು, ನವೆಂಬರ್‌ನಲ್ಲಿ ಅದೇ ಕೋರ್ಟು ಆ ತೀರ್ಪನ್ನು ವಾಪಸ್ ತೆಗೆದುಕೊಂಡಿತು, ಮೂವರಲ್ಲಿ ಒಬ್ಬ ನ್ಯಾಯಮೂರ್ತಿ ಮಾತ್ರ ಒಪ್ಪಲಿಲ್ಲ.

ಹಾಗಾದರೆ ಎರಡು ಸ್ಟಾರ್ ಯಾಕೆ? ಒಂದು, ಸಭೆಯಲ್ಲಿ ನಾವು ಆಡಿದ ಮಾತು ದಾಖಲೆಗೆ ಹೋಗುತ್ತದೆ, ಮುಂದೆ ಕೋರ್ಟಿಗೆ ಹೋದರೆ ಅದೇ ಕೈ ಹಿಡಿಯುವುದು. ಇನ್ನೊಂದು, ಈ ಅನುಮತಿಗಳಿಗೆಂದೇ ಕೇಂದ್ರ ಸರ್ಕಾರ ಮಾಡಿರುವ ಪರಿವೇಶ್ ವೆಬ್‌ಸೈಟಿಗೆ. 2018ರಿಂದ ಇದೆ, ನಿಧಾನ, ಹುಡುಕೋಕೆ ತಲೆ ಕೆಡುತ್ತದೆ, ಆದರೆ ಇ.ಸಿ. ಪತ್ರ ಅಲ್ಲಿ ಸಿಗುತ್ತದೆ. ದೂರು ಕೊಡುವಾಗ ಸುಮ್ನೆ 'ಧೂಳು ಬರುತ್ತಿದೆ' ಅಂತ ಬರೆಯಬೇಡಿ. ಎಷ್ಟನೇ ಷರತ್ತು ಮುರಿದಿದ್ದಾರೆ ಅಂತ ಬರೆದು, ಫೋಟೊ ಹಾಕಿ, ಸ್ವೀಕೃತಿ ತೆಗೆದುಕೊಳ್ಳಿ. ಪ್ರಿಂಟಿಗೆ ಇಡೀ ಫೈಲ್ ಬೇಡ, ದುಡ್ಡು ದಂಡ, ಷರತ್ತುಗಳ ಪುಟ ಇದ್ದರೆ ಸಾಕು.