ಅದೇ ನಾಟಕ, ಎರಡು ಹಾಲ್: ಹೆಗ್ಗೋಡಿಗೆ ಐದು ಸ್ಟಾರ್, ಪೇಟೆ ಹಾಲ್‌ಗೆ ಒಂದೂವರೆ

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಂಡ ಊರೂರು ಸುತ್ತಿ ಆಡುವ 'ತಿರುಗಾಟ'ದ ನಾಟಕವನ್ನು ನಾನು ಎರಡು ಸಲ ನೋಡುತ್ತೇನೆ. ಮೊದಲು ಹೆಗ್ಗೋಡಿನಲ್ಲಿ, ಆಮೇಲೆ ತಂಡ ಪೇಟೆ ಕಡೆ ಬಂದಾಗ. ಮನೆಯಲ್ಲಿ 'ಅದೇ ನಾಟಕ ಅಲ್ವಾ, ಮತ್ತ್ಯಾಕೆ?' ಅಂತ ಕೇಳುತ್ತಾರೆ. ಅದೇ ನಾಟಕ, ನಿಜ. ಆದರೆ ಈ ಸಲ ಎರಡನೇ ಜಾಗದಲ್ಲಿ ಅರ್ಧ ಮಾತು ಕಿವಿಗೇ ಬೀಳಲಿಲ್ಲ. ಹಾಗಾಗಿ ಈ ರಿವ್ಯೂ ನಾಟಕದ್ದಲ್ಲ, ಹಾಲ್‌ಗಳದ್ದು.

ಮೊದಲು ಹೆಗ್ಗೋಡು. ಸಾಗರದಿಂದ ಎಂಟೊಂಬತ್ತು ಕಿಲೋಮೀಟರ್. ಶಿವಮೊಗ್ಗದಿಂದ ಬರುವವರು ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಇಳಿಯಬಹುದು. ಆದರೆ ನಾಟಕ ಮುಗಿದ ಮೇಲೆ ವಾಪಸ್ ಹೋಗಲು ಬಸ್ಸು ನಂಬಿಕೊಂಡರೆ ಕೆಟ್ಟಿರಿ, ಸ್ವಂತ ಗಾಡಿ ಇರಲಿ, ಇಲ್ಲವೇ ಉಳಿಯಲು ನೆಂಟರ ಮನೆ ಇರಲಿ. ಅಕ್ಟೋಬರ್ ಆದರೆ ಛತ್ರಿಯೂ ಬೇಕು.

ಅಲ್ಲಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ನನಗೆ ಇಷ್ಟವಾಗುವುದು ಸದ್ದು. ಸದ್ದು ಅಂದರೆ ಅದು ಇಲ್ಲದಿರುವುದು. ಈ ಸಲದ ನಾಟಕದಲ್ಲಿ ಒಂದು ಜಾಗ ಇದೆ. ಮುದುಕಿಯೊಬ್ಬಳು ಸೆರಗಿನಲ್ಲಿ ತಂಬಿಗೆ ಒರೆಸುತ್ತಾ ಕೂತಿದ್ದಾಳೆ, ಎಷ್ಟೋ ವರ್ಷದ ಮೇಲೆ ಮಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಅವಳು ತಲೆ ಎತ್ತುವುದಿಲ್ಲ, 'ಉಂಡ್ಯಾ?' ಅಂತ ಕೇಳುತ್ತಾಳೆ. ಅಷ್ಟೇ. ಪಿಸುಮಾತಿನಲ್ಲಿ. ನಾನು ಹಿಂದಿನ ಸಾಲಿನಲ್ಲಿದ್ದೆ, ಆ ಮಾತೂ ಕೇಳಿಸಿತು, ತಂಬಿಗೆಗೆ ಅವಳ ಬಳೆ ತಾಗಿದ ಸದ್ದೂ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಅಡಿಕೆ ತೋಟದವರೊಬ್ಬರು ಬಾಯಿಯ ಕವಳ ಜಗಿಯುವುದನ್ನೇ ನಿಲ್ಲಿಸಿದರು.

ಈ ಪ್ರೇಕ್ಷಕರೂ ಒಂದು ದಿನದಲ್ಲಿ ತಯಾರಾದವರಲ್ಲ. ನೀನಾಸಂ 1949ರದ್ದು. ಅಜ್ಜ ನೋಡಿದ ಜಾಗದಲ್ಲೇ ಮೊಮ್ಮಗ ನಾಟಕ ನೋಡುತ್ತಾನೆ, ಸುಮ್ಮನೆ ಕೂತು ನೋಡುವುದು ಅಲ್ಲಿ ಯಾರೂ ಹೇಳಿಕೊಡದೆಯೇ ಬರುತ್ತದೆ. ಸಾಲಿಗೆ ನಾಲ್ಕು ಜನ ಅಲ್ಲೇ ಹತ್ತಿರದ 'ಚರಕ' ಸಂಸ್ಥೆಯ ಕೈಮಗ್ಗದ ಜುಬ್ಬಾ ಹಾಕಿರುತ್ತಾರೆ, ಅದೊಂದು ಯೂನಿಫಾರಂ ಆಗಿಬಿಟ್ಟಿದೆ (ನನ್ನ ಹತ್ತಿರವೂ ಎರಡಿವೆ, ಬಿಡಿ).

ಇನ್ನು ಪೇಟೆಯ ಹಾಲ್. ಹೆಸರು ಬೇಡ. ಕಾರ್ಡಿನಲ್ಲಿ ಸಂಜೆ 6.30 ಅಂತಿತ್ತು. ಪರದೆ ಎದ್ದಾಗ 7.40. ಮಧ್ಯೆ ಏನಾಯಿತು ಅಂದರೆ ಸ್ವಾಗತ, ದೀಪ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ, 'ಎರಡೇ ಮಾತು' ಅಂತ ಶುರು ಮಾಡಿ ಇಪ್ಪತ್ತು ನಿಮಿಷ ಮಾತಾಡಿದವರು, ಅವರಾದ ಮೇಲೆ ವಂದನಾರ್ಪಣೆ. ಸನ್ಮಾನ ಮುಗಿದ ಕೂಡಲೇ ಮುಂದಿನ ಎರಡು ಸಾಲು ಎದ್ದು ಹೋಯಿತು. ಇದು ನನಗೆ ಯಾವಾಗಲೂ ಅರ್ಥವಾಗದ ವಿಷಯ.

ನಾಟಕ ಶುರುವಾಯಿತು. ಮೇಲಿಂದ ಮೂರು ಮೈಕ್ ಇಳಿಬಿಟ್ಟಿದ್ದರು. ಹಲಗೆಯ ಮೇಲೆ ನಟರು ನಡೆದರೆ ಧಡ್ ಧಡ್ ಅಂತ ಸ್ಪೀಕರ್ ತುಂಬಾ ಕಾಲಿನ ಸದ್ದು, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಫ್ಯಾನು ಕಿರ್ ಅನ್ನುತ್ತಿತ್ತು. ಬಾಗಿಲ ಹತ್ತಿರದ ಟ್ಯೂಬ್‌ಲೈಟ್ ಆರಿಸಿ ಅಂತ ಹೇಳಿದರೆ 'ಸ್ವಿಚ್ಚು ಇರೋ ರೂಮಿಗೆ ಬೀಗ ಹಾಕಿದೆ ಸಾರ್' ಅಂದರು. ಮುದುಕಿಯ ಜಾಗ ಬಂತು, ನಾನು ಮುಂದೆ ಬಾಗಿ ಕೂತೆ. ಅದೇ ಹೊತ್ತಿಗೆ ಹಿಂದಿನವರ ಫೋನು. ಅವರು ಎತ್ತಿದರು ಕೂಡ. 'ನಾಟಕದಲ್ಲಿದೀನಿ, ಹೇಳು.' 'ಉಂಡ್ಯಾ' ಅಲ್ಲೇ ಮುಳುಗಿತು. ಅವಳ ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ತಂಡದ ತಪ್ಪು ಒಂದಿಷ್ಟೂ ಇಲ್ಲ. 1985ರಿಂದಲೂ ತಿರುಗಾಟದ ಕ್ರಮ ಇದೇ: ರಂಗಸಜ್ಜು, ದೀಪ, ಉಡುಪು, ಎಲ್ಲ ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಎಲ್ಲ ಹೊತ್ತು ತರುತ್ತಾರೆ, ಹಾಲ್ ಒಂದನ್ನು ಹೊತ್ತು ತರಲಾಗುವುದಿಲ್ಲ. ಹಾಗೆ ನೋಡಿದರೆ ನಟನೆ ಎರಡನೇ ಸಲ ಜಾಸ್ತಿ ಹದವಾಗಿತ್ತು. ಹೆಗ್ಗೋಡಿನಲ್ಲಿ ಮಗನ ಪಾತ್ರದ ಹುಡುಗ ಸ್ವಲ್ಪ ಅವಸರ ಮಾಡುತ್ತಿದ್ದ, ಇಲ್ಲಿ ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತ. ಅದಕ್ಕೇ ಹೊಟ್ಟೆ ಉರಿದದ್ದು.

ಆದರೂ ಪೇಟೆ ಪ್ರದರ್ಶನ ಬಿಡಬೇಡಿ. ಎಲ್ಲರಿಗೂ ಹೆಗ್ಗೋಡಿಗೆ ಹೋಗಲು ಆಗುವುದಿಲ್ಲವಲ್ಲ. ಸ್ಪೀಕರ್ ಪಕ್ಕ ಕೂರಬೇಡಿ. ಸನ್ಮಾನ ಮುಗಿದು ಮುಂದಿನ ಸಾಲು ಖಾಲಿಯಾದ ಕೂಡಲೇ ನಾಚಿಕೆ ಬಿಟ್ಟು ಹೋಗಿ ಕೂತುಬಿಡಿ, ನಾನು ಈ ಬುದ್ಧಿ ಕಲಿತದ್ದು ತಡವಾಗಿ. ಹಾಲ್ ನಡೆಸುವವರಿಗೆ ಒಂದೇ ಕೋರಿಕೆ: ಮೈಕ್ ಆಫ್ ಮಾಡಿ ನೋಡಿ, ಒಂದು ಸಲ. ಯಕ್ಷಗಾನದ ಭಾಗವತರಿಗೆ ಚಂಡೆಯ ಅಬ್ಬರದ ನಡುವೆ ಮೈಕ್ ಬೇಕಾಗುತ್ತದೆ, ಒಪ್ಪೋಣ. ಪಿಸುಮಾತಿಗೆ ಬೇಕಾದದ್ದು ಮೈಕ್ ಅಲ್ಲ.

ನಾಟಕ ಮುಗಿದ ಮೇಲೆ ಹೊರಗೆ ಟೀ ಕುಡಿಯುತ್ತಾ ನಿಂತಿದ್ದೆ. ಮುದುಕಿಯ ಪಾತ್ರ ಮಾಡಿದ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು, ಕೂದಲಿನ ಬಿಳಿ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ, ಟ್ರಂಕಿನ ಒಂದು ಕಡೆ ಹಿಡಿದು ಗಾಡಿಗೆ ಏರಿಸುತ್ತಿದ್ದಳು. 'ಚೆನ್ನಾಗಿತ್ತಮ್ಮ' ಅಂದೆ. ಟ್ರಂಕ್ ಕೆಳಗಿಟ್ಟು, 'ಹಿಂದೆ ಕೇಳಿಸ್ತಾ ಸಾರ್?' ಅಂತ ಕೇಳಿದಳು.

'ಹೆಗ್ಗೋಡಲ್ಲಿ ಕೇಳಿಸಿತ್ತು' ಅಂದೆ. ಅವಳು ನಕ್ಕು ಟ್ರಂಕ್ ಎತ್ತಿದಳು.