ಮೋರ್ಡ್‌ಹೌ ಡ್ಯೂಯಲ್ ಕಲಿಯಲು ಮೂರು ದಾರಿ: ನೇರ ಕೋಚ್, ರೆಕಾರ್ಡಿಂಗ್ ಕೋಚ್, ಸಮಬಲದ ಜೊತೆಗಾರ

ಮೋರ್ಡ್‌ಹೌ ಎಂಬ ಕತ್ತಿಕಾಳಗದ ಕಂಪ್ಯೂಟರ್ ಆಟ ಆಡಲು ಶುರು ಮಾಡಿ 300 ಗಂಟೆ ದಾಟಿತ್ತು. ಹತ್ತಾರು ಜನ ಒಟ್ಟಿಗೆ ನುಗ್ಗುವ ದೊಡ್ಡ ಮ್ಯಾಚ್‌ಗಳಲ್ಲಿ ಅಂಕಪಟ್ಟಿಯ ಮೇಲಿನ ಅರ್ಧದಲ್ಲೇ ಇರುತ್ತಿದ್ದೆ. ಒಬ್ಬರಿಗೊಬ್ಬರು ಕಾದುವ ಡ್ಯೂಯಲ್ ಸರ್ವರ್‌ಗೆ ಹೋದರೆ ಮಾತ್ರ ಅರ್ಧ ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಗದ್ದಲದಲ್ಲಿ ಪಕ್ಕದಿಂದ ಬಂದು ಹೊಡೆದು ಗೆಲ್ಲಬಹುದು. ಒಬ್ಬರಿಗೊಬ್ಬರು ಎದುರು ನಿಂತಾಗ ಆ ಆಸರೆ ಇರುವುದಿಲ್ಲ. ಹಾಗಾಗಿ ನಾಲ್ಕು ತಿಂಗಳು ಪಟ್ಟು ಹಿಡಿದು ಮೂರು ಬಗೆಯಲ್ಲಿ ಕಲಿತು ನೋಡಿದೆ. ಒಂದು, ಆಟದೊಳಗೇ ಎದುರು ನಿಂತು ಕಲಿಸುವ ನೇರ ಕೋಚ್. ಎರಡು, ನನ್ನ ಆಟದ ರೆಕಾರ್ಡಿಂಗ್ ನೋಡಿ ತಪ್ಪು ಹೇಳುವ ಕೋಚ್. ಮೂರು, ನನ್ನಷ್ಟೇ ಆಡುವ ಒಬ್ಬ ಜೊತೆಗಾರ, ಒಬ್ಬರನ್ನೊಬ್ಬರು ತಿದ್ದುವ ಒಪ್ಪಂದದ ಮೇಲೆ.

ಹೋಲಿಕೆ ನ್ಯಾಯವಾಗಿರಲಿ ಎಂದು ಮೂರು ಕಡೆಯೂ ಒಂದೇ ಮೂರು ತೊಂದರೆಗಳನ್ನು ಮುಂದಿಟ್ಟೆ. ಫೇಂಟ್‌ಗೆ, ಅಂದರೆ ಹುಸಿ ಹೊಡೆತಕ್ಕೆ, ಬೀಳುತ್ತೇನೆ. ಅಂತರ ಗೊತ್ತಾಗುವುದಿಲ್ಲ. ಇನ್ನೊಂದನ್ನು ಆಗ ಬಾಯಿಬಿಟ್ಟು ಹೇಳಲೂ ಬರುತ್ತಿರಲಿಲ್ಲ. ಸುಮ್ನೆ "ಯಾಕೋ ಒಂದು ಏಟು ಬಿದ್ದ ಮೇಲೆ ಎಲ್ಲಾ ಕುಸಿದುಹೋಗುತ್ತೆ" ಎಂದಿದ್ದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 2019ರ ಏಪ್ರಿಲ್‌ನಲ್ಲಿ ಬಂದ ಆಟ ಇದು, ಮಾಡಿದ್ದು ಸ್ಲೊವೇನಿಯಾದ ಟ್ರೈಟರ್ನಿಯನ್ ಎಂಬ ಸಣ್ಣ ತಂಡ. ಇಲ್ಲಿ ಪ್ರತಿ ಹೊಡೆತಕ್ಕೂ ಮೂರು ಹಂತ. ಕತ್ತಿ ಎತ್ತುವುದು, ಬೀಸುವುದು, ಮತ್ತೆ ಹತೋಟಿಗೆ ತರುವುದು. ಎತ್ತುವ ಹಂತದಲ್ಲಿ ಮಾತ್ರ ಹೊಡೆತ ರದ್ದು ಮಾಡಬಹುದು. ಅದೇ ಫೇಂಟ್. ಬೀಸುವಾಗ ಮೈ ತಿರುಗಿಸಿ ಏಟು ತಡವಾಗಿ ತಾಗುವಂತೆ ಮಾಡಿದರೆ ಡ್ರ್ಯಾಗ್, ಬೇಗ ತಾಗುವಂತೆ ಮಾಡಿದರೆ ಆಕ್ಸೆಲ್. ಕತ್ತಿಯಿಂದ ತಡೆಯುವ ಪ್ಯಾರಿ ಬಹಳ ಹೊತ್ತು ನಿಲ್ಲುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮೊದಲೇ ಒತ್ತಿದರೆ ಮುಗಿಯಿತು, ಎದುರಾಳಿಗೆ ಬಾಗಿಲು ತೆರೆದಂತೆ. ತಡೆದ ಕೂಡಲೇ ಕೊಡುವ ಮರುಹೊಡೆತ ರಿಪೋಸ್ಟ್. ಫೇಂಟ್ ಮಾಡಿದರೂ ಏಟು ತಡೆದರೂ ಸ್ಟ್ಯಾಮಿನಾ, ಅಂದರೆ ದಮ್ಮು, ಖರ್ಚಾಗುತ್ತದೆ. ಅದು ಬರಿದಾದಾಗ ತಡೆಯಲು ಹೋದರೆ ಆಯುಧವೇ ಕೈಯಿಂದ ಹಾರಿಹೋಗುತ್ತದೆ.

ಮೊದಲು ನೇರ ಕೋಚಿಂಗ್.

ಇಬ್ಬರ ಹತ್ತಿರ ಹೋದೆ. ಮೊದಲನೆಯವರು ಒಂದು ಗಂಟೆ ಪೂರ್ತಿ ನನ್ನನ್ನು ಸೋಲಿಸಿದರು. ಪ್ರತಿ ಸಲ ಸೋತ ಮೇಲೆ "ನೋಡಿದ್ರಾ, ಅದು ಫೇಂಟ್" ಎನ್ನುತ್ತಿದ್ದರು. ಅದು ಫೇಂಟ್ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬೆರಳು ಯಾಕೆ ಒತ್ತುತ್ತೆ ಅನ್ನುವುದು ನನ್ನ ಪ್ರಶ್ನೆ. ಅಲ್ಲಿಗೇ ಬಿಟ್ಟೆ.

ಎರಡನೆಯವರು ಬೇರೆ ಥರ. ಮೆಸ್ಸರ್ ಎಂಬ ಕತ್ತಿ ಹಿಡಿದು ನಿಂತು ಮೇಲಿನಿಂದ ಬರುವ ಹೊಡೆತ ಬಿಟ್ಟು ಬೇರೇನೂ ಹೊಡೆಯಲಿಲ್ಲ. ಒಂದು ಬೇಗ, ಒಂದು ತಡವಾಗಿ, ಒಂದು ಅರ್ಧಕ್ಕೇ ರದ್ದು. ನನ್ನ ಕೆಲಸ ಬರೀ ತಡೆಯುವುದು. ಹದಿನೈದು ನಿಮಿಷದಲ್ಲಿ ಕೈ ಹದಕ್ಕೆ ಬಂತು. ಬಹಳ ಖುಷಿಯಾಯಿತು. ಮಾರನೇ ದಿನ ಬೇರೆಯವರ ಎದುರು ಹೋದರೆ ಮತ್ತೆ ಹಳೇ ಕಥೆ. ನಾನು ಕಲಿತದ್ದು ಫೇಂಟ್ ಗುರುತಿಸುವುದನ್ನಲ್ಲ, ಆ ಒಬ್ಬರ ಲಯವನ್ನು. ಅವರ ಮೆಸ್ಸರ್‌ನ ವೇಗ ನನ್ನ ಕೈಯಲ್ಲಿ ಕೂತಿತ್ತು. ಲಾಂಗ್‌ಸ್ವೋರ್ಡ್ ಎಂಬ ಬೇರೆ ಕತ್ತಿ ಎದುರು ಬಂದಾಗ ಅದು ಕೆಲಸಕ್ಕೆ ಬರಲಿಲ್ಲ. ಆಟದ ನಡುವೆ ಕಿವಿಗೆ ಬೀಳುವ ಮಾತೂ ಅಷ್ಟಾಗಿ ಒಳಗಿಳಿಯುತ್ತಿರಲಿಲ್ಲ. ಕತ್ತಿ ಬರುತ್ತಿರುವಾಗ "ಕಾಲು, ಕಾಲು ನೋಡಿ" ಎಂದರೆ ಯಾವುದನ್ನು ಕೇಳೋದು?

ಆದರೆ ಅಂತರದ ವಿಷಯದಲ್ಲಿ ನೇರ ಕೋಚಿಂಗ್‌ಗೆ ಸಾಟಿಯೇ ಇಲ್ಲ. ಅವರು ಒಂದೇ ಜಾಗದಲ್ಲಿ ನಿಂತು ಅಡ್ಡಕ್ಕೆ ಬೀಸುತ್ತಿದ್ದರು. ನಾನು ಪ್ಯಾರಿ ಮುಟ್ಟುವ ಹಾಗಿಲ್ಲ. ಹೆಜ್ಜೆ ಹಿಂದಿಟ್ಟು ಏಟು ಗಾಳಿಗೆ ಹೋಗುವಂತೆ ಮಾಡಬೇಕು, ತಕ್ಷಣ ಮುಂದೆ ಬಂದು ಹೊಡೆಯಬೇಕು. ಹೊಡೆತ ತಪ್ಪಿದವರ ಸ್ಟ್ಯಾಮಿನಾ ಹೋಗುತ್ತದೆ, ಜೊತೆಗೆ ಅವರು ತೆರೆದುಕೊಂಡಿರುತ್ತಾರೆ. ಮೊದಲ ಹತ್ತು ಸಲ ಜಾಸ್ತಿ ಹಿಂದೆ ಹೋದೆ, ವಾಪಸ್ ಬರುವಷ್ಟರಲ್ಲಿ ಅವರು ಸಿದ್ಧ. ಆಮೇಲೆ ಕತ್ತಿಯ ತುದಿ ಎದೆಯ ಮುಂದೆ ಒಂದು ಗೇಣು ದೂರದಲ್ಲಿ ಹಾದುಹೋಗುವುದು ಕಾಣತೊಡಗಿತು. ಎರಡೇ ತರಗತಿ ಸಾಕಾಯಿತು. ಇವತ್ತಿಗೂ ಅದು ಕೈಬಿಟ್ಟಿಲ್ಲ. ಅಂತರ ಅನ್ನುವುದು ಮೈಗೆ ಗೊತ್ತಾಗಬೇಕಾದ ಸಂಗತಿ, ಮಾತಿನಲ್ಲಿ ಹೇಳಿದರೆ ಬರುವುದಲ್ಲ.

ನೇರ ಕೋಚ್ ಹುಡುಕುವಾಗ ಇನ್ನೊಂದು ನೋಡಿಕೊಳ್ಳಿ. ಅವರು ಆಡುವ ಸರ್ವರ್‌ನಲ್ಲಿ ನಿಮ್ಮ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್, ಎಷ್ಟು ಬರುತ್ತೆ? ನನಗೆ ಅಲ್ಲಿ 130 ಬರುತ್ತಿತ್ತು, ನಾನು ದಿನಾ ಆಡುವ ಸರ್ವರ್‌ನಲ್ಲಿ 40. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಇಷ್ಟು ವ್ಯತ್ಯಾಸ ಸೇರಿದರೆ ಅಲ್ಲಿ ಕಲಿತ ಟೈಮಿಂಗ್ ಇಲ್ಲಿ ಸುಳ್ಳಾಗುತ್ತದೆ. ಮೆಸ್ಸರ್ ಪಾಠ ಮಾರನೇ ದಿನ ಕೈಕೊಟ್ಟದ್ದಕ್ಕೆ ಇದೂ ಒಂದು ಕಾರಣ.

ಇನ್ನು ರೆಕಾರ್ಡಿಂಗ್ ಕೋಚ್. ನನ್ನ ಆಟ ಬದಲಾದದ್ದು ಇಲ್ಲಿ.

ಅವರು ಮೊದಲೇ ಒಂದು ಷರತ್ತು ಹಾಕಿದರು. "ಗೆದ್ದದ್ದು ಬೇಡ. ಸೋತ ಹತ್ತು ಡ್ಯೂಯಲ್ ಕಳಿಸಿ. ಆರಿಸಬೇಡಿ, ಸಾಲಾಗಿ ಹತ್ತು." ಪರದೆ ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಸೆಕೆಂಡಿಗೆ 60 ಫ್ರೇಮ್‌ನಂತೆ ರೆಕಾರ್ಡ್ ಮಾಡಿ ಕಳಿಸಿದೆ. ಮೂರು ದಿನದ ನಂತರ ಸ್ಕ್ರೀನ್ ಹಂಚಿಕೊಂಡು ಕೂತೆವು.

ನಾಲ್ಕನೇ ಡ್ಯೂಯಲ್‌ನಲ್ಲಿ ಒಂದು ಕಡೆ ನಿಲ್ಲಿಸಿದರು. ಎದುರಾಳಿ ಜ್ವೈಹ್ಯಾಂಡರ್ ಎತ್ತಿದ್ದಾನೆ. ಆ ಉದ್ದನೆಯ ಕತ್ತಿ ಇನ್ನೂ ಅವನ ಬಲಭುಜದ ಹಿಂದೆ ಇದೆ. ನನ್ನ ಕತ್ತಿ ಆಗಲೇ ಅಡ್ಡ ಬಂದಿದೆ.

"ಇಲ್ಲಿ ನೀವು ಯಾವುದನ್ನು ತಡೀತಿದ್ದೀರಿ?" ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ತಡೆಯಲು ಅಲ್ಲಿ ಏನೂ ಇರಲಿಲ್ಲ. ಅವರು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ ಎಣಿಸಿದರು. ಕತ್ತಿ ಭುಜದಿಂದ ಹೊರಡುವ ಹೊತ್ತಿಗೆ ಒಂಬತ್ತು ಫ್ರೇಮ್ ಆಗಿತ್ತು. ಅಂದರೆ ಹೊಡೆತ ಹೊರಡುವುದಕ್ಕೂ ಸುಮಾರು 150 ಮಿಲಿಸೆಕೆಂಡ್ ಮೊದಲೇ ನಾನು ತಡೆದಾಗಿತ್ತು. ಇಷ್ಟು ದಿನ ನನ್ನ ಕೈ ನಿಧಾನ, ಅದಕ್ಕೇ ಸೋಲುತ್ತೇನೆ ಎಂದುಕೊಂಡಿದ್ದೆ. ನಿಜ ನೋಡಿದರೆ ಕೈ ವಿಪರೀತ ಅವಸರದಲ್ಲಿತ್ತು.

ನಂತರ ಕೇಳಿದರು, "ನಿಮ್ಮ ಕಣ್ಣು ಎಲ್ಲಿತ್ತು?" ಪರದೆಯ ನಡುವಿನ ಗುರಿಚುಕ್ಕೆ ಹತ್ತರಲ್ಲಿ ಹತ್ತು ಡ್ಯೂಯಲ್‌ನಲ್ಲೂ ಎದುರಾಳಿಯ ಮುಖದ ಮೇಲಿತ್ತು. "ಮುಖ ನೋಡಿದರೆ ಅವನು ಎತ್ತಿದ್ದಷ್ಟೇ ಕಾಣುತ್ತೆ. ಕತ್ತಿಯ ತುದಿ ನೋಡಿ. ತುದಿ ನಿಮ್ಮ ಕಡೆ ಹೊರಟಿದ್ದರೆ ಅದು ಫೇಂಟ್ ಆಗಿರೋಕೆ ಸಾಧ್ಯವೇ ಇಲ್ಲ." ಬೀಸುವ ಹಂತ ಶುರುವಾದ ಮೇಲೆ ರದ್ದು ಮಾಡಲು ಆಗುವುದಿಲ್ಲ ಎಂಬ ನಿಯಮ ನನಗೆ ಮೊದಲ ದಿನದಿಂದ ಗೊತ್ತಿತ್ತು. ಆ ನಿಯಮದಿಂದ ಕಣ್ಣು ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತೆ ಎಂದು ಹೊಳೆದಿರಲಿಲ್ಲ.

ಮೂರನೆಯದು ಒಂದು ಪಟ್ಟಿ. ಹತ್ತರಲ್ಲಿ ಏಳು ಸಲ ನಾನು ಸತ್ತದ್ದು ಒಂದೇ ರೀತಿ. ಏಟು ಬೀಳುತ್ತದೆ, ತಕ್ಷಣ ನಾನು ತಿರುಗಿ ಬೀಸುತ್ತೇನೆ. ಮೊದಲ ಏಟು ಹೊಡೆದವನ ಎರಡನೇ ಹೊಡೆತ ನನ್ನದಕ್ಕಿಂತ ಮೊದಲೇ ತಲುಪುತ್ತದೆ. ಆ ಕ್ಷಣದಲ್ಲಿ ಸರದಿ ಅವನದು. ನಾನು ತಡೆಯಬೇಕು, ಆಮೇಲೆ ರಿಪೋಸ್ಟ್‌ನಿಂದ ಸರದಿ ಕಸಿದುಕೊಳ್ಳಬೇಕು. ಹಳೆಯ ಜರ್ಮನ್ ಕತ್ತಿವರಸೆಯ ಗುರುಗಳು ಇದನ್ನೇ 'ಫೋರ್', 'ನಾಖ್' ಎಂದು ಕರೆಯುತ್ತಿದ್ದರು, ಮುನ್ನ ಮತ್ತು ನಂತರ ಎಂದು. ಆಟದ ಹೆಸರೂ ಅಲ್ಲಿಂದಲೇ ಬಂದದ್ದು. ಕತ್ತಿಯನ್ನು ಅಲಗಿನಲ್ಲಿ ಹಿಡಿದು ಹಿಡಿಯ ಕಡೆಯಿಂದ ಬಡಿಯುವ ವರಸೆಗೆ ಜರ್ಮನ್‌ನಲ್ಲಿ ಮೋರ್ಡ್‌ಹೌ ಎನ್ನುತ್ತಾರೆ. ನೂರಾರು ವರ್ಷ ಹಿಂದೆ ನಿಜವಾದ ಕತ್ತಿ ಹಿಡಿದವರಿಗೆ ಮುಖ್ಯವಾಗಿದ್ದ ವಿಚಾರವೇ ಮೌಸ್ ಹಿಡಿದ ನನ್ನನ್ನೂ ಸೋಲಿಸುತ್ತಿತ್ತು ಎಂದು ತಿಳಿದಾಗ ಈ ಆಟದ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು.

ಅವರು ಕೊಟ್ಟ ಮನೆಗೆಲಸ ಕಷ್ಟದ್ದು. ಒಂದು ವಾರ ನಾನಾಗಿ ಹೊಡೆಯುವ ಹಾಗಿಲ್ಲ. ತಡೆ, ರಿಪೋಸ್ಟ್, ಮತ್ತೆ ತಡೆ. ಅಷ್ಟೇ. ಮೊದಲ ಮೂರು ದಿನ ಬರೀ ಸೋಲು. ನಾಲ್ಕನೇ ದಿನ ಒಂದು ಡ್ಯೂಯಲ್ ಎಷ್ಟು ಉದ್ದ ಎಳೆಯಿತೆಂದರೆ ಎದುರಾಳಿಯ ಸ್ಟ್ಯಾಮಿನಾ ಮುಗಿದು ಅವನ ಕತ್ತಿ ನೆಲಕ್ಕೆ ಬಿತ್ತು. ನಾನಾಗಿ ಒಂದೂ ಹೊಡೆತ ಶುರು ಮಾಡಿರಲಿಲ್ಲ.

ಇದರಲ್ಲಿ ಕೊರತೆಯೂ ಇದೆ. ಕಣ್ಣಿಗೆ ಅರ್ಥವಾದದ್ದು ಕೈಗೆ ಇಳಿಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಜೊತೆಗೆ ಯಾರೂ ಇರುವುದಿಲ್ಲ. ಅಂತರದ ಬಗ್ಗೆ ಅವರು ಹೇಳಿದ್ದು ಹೆಚ್ಚು ಉಪಯೋಗವಾಗಲಿಲ್ಲ. ಚಪ್ಪಟೆ ವಿಡಿಯೊದಲ್ಲಿ ಒಂದು ಹೆಜ್ಜೆಯ ವ್ಯತ್ಯಾಸ ಅವರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಪಿಂಗ್ ಮಾತ್ರ ಇಲ್ಲಿ ಅಡ್ಡಿಯೇ ಅಲ್ಲ, ಕೋಚ್ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನಡೆಯುತ್ತೆ. ನೇರ ತರಗತಿಗೆ ಹೋಲಿಸಿದರೆ ಶುಲ್ಕವೂ ಕಡಿಮೆಯೇ ಬಿತ್ತು.

ಜೊತೆಗಾರ ಸಿಕ್ಕಿದ್ದು ಡ್ಯೂಯಲ್ ಸರ್ವರ್‌ನಲ್ಲೇ. ಐದಾರು ಸಲ ಆಡಿದೆವು, ಗೆಲುವು ಸೋಲು ಹೆಚ್ಚುಕಡಿಮೆ ಸಮ. ವಾರಕ್ಕೆ ಮೂರು ಸಂಜೆ ಮಾತಾಗಿತ್ತು. ಮೊದಲು ಹದಿನೈದು ನಿಮಿಷ ಅಭ್ಯಾಸ, ಆಮೇಲೆ ಹತ್ತು ಸುತ್ತು ನಿಜವಾದ ಆಟ. ಅವನ ಒಂದು ಮಾತಿಗೆ ನಾನು ಋಣಿ.

"ಲೋ, ಮಾರ್ಫ್ ಮಾಡೋ ಮುಂಚೆ ಯಾವಾಗ್ಲೂ ಬಲಕ್ಕೆ ಒಂದು ಹೆಜ್ಜೆ ಇಡ್ತೀಯ ಕಣೋ. ನಾನು ಕತ್ತಿ ನೋಡೋದೇ ಇಲ್ಲ, ನಿನ್ನ ಕಾಲು ನೋಡಿ ಗೆಲ್ತಿದ್ದೀನಿ."

ಬೀಸುವಂತೆ ಎತ್ತಿ ಕೊನೆಗೆ ಚುಚ್ಚುವುದು ಮಾರ್ಫ್. ಅದು ಎದುರಾಳಿಗೆ ಮೊದಲೇ ಗೊತ್ತಾದರೆ ಕೆಲಸಕ್ಕೇ ಬರುವುದಿಲ್ಲ. ಈ ಗುಟ್ಟು ಎರಡು ಬಗೆಯ ಕೋಚ್‌ಗಳಿಗೂ ಕಂಡಿರಲಿಲ್ಲ. ನೇರ ಕೋಚ್‌ಗೆ ನನ್ನನ್ನು ಸೋಲಿಸಲು ಅಷ್ಟು ಸೂಕ್ಷ್ಮವಾಗಿ ನೋಡುವ ಅಗತ್ಯವೇ ಇರಲಿಲ್ಲ. ರೆಕಾರ್ಡಿಂಗ್‌ನಲ್ಲಿ ನನ್ನ ಕಾಲು ಕಾಣುವುದಿಲ್ಲ. ವಾರಗಟ್ಟಲೆ ಎದುರು ನಿಂತು, ಗೆಲ್ಲಲೇಬೇಕೆಂದು ಒದ್ದಾಡಿದವನಿಗಷ್ಟೇ ಅದು ಕಾಣಲು ಸಾಧ್ಯ.

ಎರಡನೇ ತಿಂಗಳಲ್ಲಿ ಇದರ ಅಪಾಯವೂ ಕಂಡಿತು. ಇಬ್ಬರೂ ಲಾಂಗ್‌ಸ್ವೋರ್ಡ್ ಹಿಡಿದು ಒಬ್ಬರ ಆಟಕ್ಕೊಬ್ಬರು ಹೊಂದಿಕೊಂಡುಬಿಟ್ಟಿದ್ದೆವು. ಎಸ್ಟಾಕ್ ಎಂಬ ಕತ್ತಿ ಹಿಡಿದು ಬರೀ ಚುಚ್ಚುವ ಒಬ್ಬ ಆಟಗಾರ ಬಂದಾಗ ಇಬ್ಬರಿಗೂ ದಿಕ್ಕು ತೋಚಲಿಲ್ಲ. ಆಮೇಲೆ ವಾರಕ್ಕೊಂದು ಆಯುಧ ಬದಲಿಸುವ ನಿಯಮ ಮಾಡಿಕೊಂಡೆವು. ಅದಾದ ಮೇಲೆ ಸರಿಹೋಯಿತು.

ಕಂಪ್ಯೂಟರೇ ಆಡಿಸುವ ಬಾಟ್‌ಗಳ ಜೊತೆಗೂ ಸ್ವಲ್ಪ ಆಡಿದೆ. ಬಂದ ಹೊಡೆತಕ್ಕೆ ಅದೇ ಕೋನದ ಹೊಡೆತದಿಂದ ಉತ್ತರ ಕೊಡುವ ಚೇಂಬರ್ ಇದೆಯಲ್ಲ, ಅದರ ಕೋನಗಳನ್ನು ಬೆರಳಿಗೆ ರೂಢಿ ಮಾಡಿಸಲು ಸಾಕು. ಬಾಟ್ ಗಾಬರಿಯಾಗುವುದಿಲ್ಲ, ಮೋಸ ಮಾಡಲು ಕಾಯುವುದಿಲ್ಲ. ಹಾಗಾಗಿ ಅಷ್ಟಕ್ಕೇ ನಿಲ್ಲಿಸಿದೆ.

ನನ್ನ ಮೂರು ತೊಂದರೆಗಳ ಲೆಕ್ಕ ಹೇಳಬೇಕೆಂದರೆ, ಫೇಂಟ್ ಮತ್ತು ಸರದಿ ಎರಡನ್ನೂ ಹಿಡಿದು ತೋರಿಸಿದ್ದು ರೆಕಾರ್ಡಿಂಗ್ ಕೋಚ್. ಅಂತರ ಕಲಿಸಿದ್ದು ನೇರ ಕೋಚ್. ಕಲಿತದ್ದು ಕೈಯಲ್ಲಿ ಉಳಿದದ್ದು ಜೊತೆಗಾರನಿಂದ. ಒಂದನ್ನೇ ಆರಿಸಿ ಎಂದರೆ ಕಣ್ಣುಮುಚ್ಚಿ ರೆಕಾರ್ಡಿಂಗ್ ಎನ್ನುತ್ತೇನೆ. ಯಾಕೆಂದರೆ ನನ್ನ ತಪ್ಪು ಯಾವುದು ಅನ್ನುವುದೇ ನನಗೆ ತಪ್ಪಾಗಿ ಗೊತ್ತಿತ್ತು. ಕೈ ನಿಧಾನ ಎಂದುಕೊಂಡೇ ಇನ್ನೂ 300 ಗಂಟೆ ಆಡಿದ್ದರೆ ಅವಸರ ಇನ್ನೂ ಗಟ್ಟಿಯಾಗುತ್ತಿತ್ತು, ಅಲ್ವಾ? ಈಗಷ್ಟೇ ಶುರು ಮಾಡಿದವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ರೆಕಾರ್ಡಿಂಗ್‌ನಲ್ಲಿ ನೋಡಲು ಒಂದು ಅಭ್ಯಾಸ ಅಂತ ಬೆಳೆದಿರಬೇಕು. ಮೊದಲ ನೂರು ಗಂಟೆ ಸುಮ್ನೆ ಆಡಿ, ತೀರಾ ಬೇಕೆನಿಸಿದರೆ ಹೆಜ್ಜೆ ಕಲಿಯಲು ಒಂದೆರಡು ನೇರ ತರಗತಿ ತೆಗೆದುಕೊಳ್ಳಿ.

ಹಣ ಕೊಡುವ ಮುಂಚೆ ಯಾವ ಕೋಚ್‌ಗೂ ಒಂದು ಪ್ರಶ್ನೆ ಕೇಳಿ: ಮುಂದಿನ ತರಗತಿಯವರೆಗೆ ನಾನು ಏನು ಅಭ್ಯಾಸ ಮಾಡಬೇಕು? ನನ್ನನ್ನು ಒಂದು ಗಂಟೆ ಸೋಲಿಸಿದ ಆ ಮೊದಲನೆಯವರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಕಳೆದ ವಾರ ಮತ್ತೆ ಸಾಲಾಗಿ ಸೋತ ಹತ್ತು ಡ್ಯೂಯಲ್ ಕಳಿಸಿದ್ದೆ. ಹತ್ತು ಸೋಲು ಕೂಡಿಸಲು ಈ ಸಲ ನಾಲ್ಕು ಸಂಜೆ ಬೇಕಾಯಿತು. ಏಟು ಬಿದ್ದ ಮೇಲೆ ಬೀಸಿ ಸತ್ತದ್ದು ಹತ್ತರಲ್ಲಿ ಎರಡು ಸಲ. ಪ್ಯಾರಿ ಈಗಲೂ ಮೂರು ಫ್ರೇಮ್ ಮುಂಚೆ ಏಳುತ್ತಿದೆ. ಈ ವಾರ ಜೊತೆಗಾರ ಉದ್ದ ಕೋಲಿನ ಕೊಡಲಿಯಂಥ ಹಾಲ್ಬರ್ಡ್ ಹಿಡಿಯುತ್ತಾನಂತೆ.