ಒಂದು ತಲೆಯೋ ಮೂರು ತಲೆಯೋ: ಸಣ್ಣ ರೂಟಿಗೆ ಮಿಠಾಯಿ ಯಂತ್ರಗಳ ಹೋಲಿಕೆ

ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋ, ರಿಚರ್ಡ್‌ಸನ್ ಮೊದಲಾದ ಊರುಗಳ ಟೈರ್ ಅಂಗಡಿ, ಕ್ಷೌರದಂಗಡಿ, ಲಾಂಡ್ರೋಮ್ಯಾಟುಗಳಲ್ಲಿ (ಹಣ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಗಳಲ್ಲಿ) ಮಿಠಾಯಿ ಯಂತ್ರಗಳನ್ನಿಟ್ಟು, ಆಗಾಗ ಸುತ್ತಿ ಬಂದು ತುಂಬಿಸಿ ಹಣ ತೆಗೆಯುವ ಒಂದು ಸಣ್ಣ ರೂಟ್ ನನ್ನದು. ಕರೆಂಟು ಬೇಡದ, ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಹಾಕಿ ಹಿಡಿ ತಿರುಗಿಸಿದರೆ ಒಂದು ಗಮ್‌ಬಾಲನ್ನೋ (ಚೂಯಿಂಗ್ ಗಮ್ಮಿನ ಉಂಡೆಯನ್ನೋ) ಒಂದಿಷ್ಟು ಮಿಠಾಯಿಯನ್ನೋ ಕೈಗೆ ಉದುರಿಸುವ ಈ ಯಂತ್ರಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಇಲ್ಲಿನ ಕನ್ನಡಿಗ ಗೆಳೆಯರು ಆಗಾಗ ವಿಚಾರಿಸುತ್ತಾರೆ. ಸಂಬಳದ ಕೆಲಸ ಬಿಡದೆ ವಾರಾಂತ್ಯದಲ್ಲಿ ನಡೆಸಬಹುದಾದ, ಬಂಡವಾಳ ಕಡಿಮೆ ಬೇಡುವ ವ್ಯವಹಾರವೆಂಬುದು ಅವರ ಆಸಕ್ತಿಗೆ ಕಾರಣ. ನಾನು ಮೂರು ಬಗೆಯ ಯಂತ್ರಗಳನ್ನು ಹೆಚ್ಚುಕಡಿಮೆ ಒಂದೇ ತರಹದ ಜಾಗಗಳಲ್ಲಿಟ್ಟು ನೋಡಿದ್ದೇನೆ: ಲೋಹದ ಮೈಯ ಒಂಟಿ ತಲೆಯ ಯಂತ್ರ (ತಿನಿಸಿನ ಡಬ್ಬಿ, ನಾಣ್ಯದ ಭಾಗ ಎರಡೂ ಸೇರಿದರೆ ಒಂದು ತಲೆ), ಅಂಥವೇ ಎರಡನ್ನು ಒಂದೇ ಕಂಬದ ಮೇಲೆ ಕೂರಿಸಿದ ಜೋಡಿ, ಮತ್ತು ಮೂರು ಡಬ್ಬಿಗಳಿರುವ ಪ್ಲಾಸ್ಟಿಕ್ ಯಂತ್ರ. ಒಳಗಿನ ತಿನಿಸು ಮುಂದಿನ ಸುತ್ತಿನವರೆಗೆ ತಾಜಾ ಉಳಿದೀತೇ ಎಂಬುದೇ ಯಂತ್ರ ಆರಿಸುವವರ ಮೊದಲ ಪ್ರಶ್ನೆಯಾಗಬೇಕೆಂದು ಈ ಪ್ರಯೋಗದ ಕೊನೆಗೆ ನನಗೆ ಖಚಿತವಾಯಿತು. ಎಷ್ಟು ಬಗೆಯ ತಿನಿಸು ಮಾರಬಹುದು ಎಂಬ ಲೆಕ್ಕ ಅದರ ನಂತರದ್ದು.

ಒಳಗಿನ ಕೆಲಸ ಮೂರರಲ್ಲೂ ಒಂದೇ. ನಾಣ್ಯ ಗಾಲಿಯ ಕಚ್ಚಿನಲ್ಲಿ ಕೂತಾಗ ಅದರ ಅಂಚು ಒಂದು ಕೊಕ್ಕೆಯನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ. ನಾಣ್ಯವಿಲ್ಲದಿದ್ದರೆ ಅಥವಾ ಅದು ಚಿಕ್ಕದಾಗಿದ್ದರೆ ಕೊಕ್ಕೆ ಹಲ್ಲಿಗೆ ಬಿದ್ದು ಹಿಡಿ ಅಲ್ಲಿಯೇ ನಿಲ್ಲುತ್ತದೆ. ಹಿಡಿ ತಿರುಗಿದರೆ ಮೇಲಿನ ಹಲ್ಲುಗಾಲಿ ತಿರುಗಿ, ಅದರ ಗೂಡಿನಲ್ಲಿದ್ದಷ್ಟು ತಿನಿಸು ಕೊಳವೆಗೆ ಜಾರುತ್ತದೆ, ಹೆಚ್ಚಿನದು ಜಾರದಂತೆ ಗಡುಸಾದ ಬ್ರಷ್ಷೊಂದು ತಡೆಯುತ್ತದೆ. ಗಮ್‌ಬಾಲಿನ ಗಾಲಿಯಲ್ಲಿ ಒಂದು ಗೂಡಿಗೆ ಒಂದೇ ಉಂಡೆ. ಮಿಠಾಯಿಯ ಗಾಲಿಯಲ್ಲಿ ಗೂಡನ್ನು ಹಿಗ್ಗಿಸಿ ಕುಗ್ಗಿಸಿ ಅಳತೆ ಹೊಂದಿಸಿಕೊಳ್ಳಬಹುದು. ಯಂತ್ರಗಳ ನಡುವೆ ನಿಜವಾದ ವ್ಯತ್ಯಾಸ ಕಾಣುವುದು ಈ ಗಾಲಿ, ಕೊಕ್ಕೆ, ಬ್ರಷ್ಷುಗಳು ಲೋಹದವೋ ಪ್ಲಾಸ್ಟಿಕ್ಕಿನವೋ ಎಂಬಲ್ಲಿ, ಮತ್ತು ಅವನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬಲ್ಲಿ.

ಮೂರು ಡಬ್ಬಿಯ ಯಂತ್ರ ನೋಡುವುದಕ್ಕೆ ಲಾಭದಾಯಕವಾಗಿ ಕಾಣುತ್ತದೆ. ಒಂದೇ ಜಾಗ, ಒಂದೇ ಒಪ್ಪಂದ, ಮೂರು ಬಗೆಯ ತಿನಿಸು, ಆದ್ದರಿಂದ ಮೂರು ಪಟ್ಟು ವ್ಯಾಪಾರ ಎಂಬ ಲೆಕ್ಕವನ್ನು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ನಾನಿಟ್ಟ ಜಾಗಗಳಲ್ಲಿ ಕಂಡದ್ದು ಬೇರೆ: ಒಂದು ಡಬ್ಬಿ ಚೆನ್ನಾಗಿ ಓಡುತ್ತದೆ, ಎರಡನೆಯದು ಕುಂಟುತ್ತದೆ, ಮೂರನೆಯದರಲ್ಲಿ ಹಾಕಿದ್ದು ಹಾಗೆಯೇ ಕೂತು ಬಣ್ಣಗೆಡುತ್ತದೆ. ಟೈರ್ ಅಂಗಡಿಗೆ ಬಂದವರು ಕಾಯುವ ಹೊತ್ತಿನಲ್ಲಿ ಜೇಬಿನಲ್ಲಿದ್ದ ಒಂದೋ ಎರಡೋ ಕ್ವಾರ್ಟರ್ ಹಾಕುತ್ತಾರೆಯೇ ಹೊರತು ಮೂರು ಬಗೆ ಇದೆಯೆಂದು ಮೂರು ನಾಣ್ಯ ಹುಡುಕುವುದಿಲ್ಲ. ಇದ್ದ ವ್ಯಾಪಾರವೇ ಮೂರು ಡಬ್ಬಿಗಳಿಗೆ ಹಂಚಿಹೋಗಿ ಪ್ರತಿಯೊಂದೂ ನಿಧಾನವಾಗುತ್ತದೆ, ಮತ್ತು ನಿಧಾನವಾದ ಡಬ್ಬಿಯಲ್ಲಿ ಮಿಠಾಯಿ ಹಳತಾಗುತ್ತದೆ. ಹಳಸಿದ್ದನ್ನು ಎಸೆಯಬೇಕು, ಇಲ್ಲವಾದರೆ ಯಾರದೋ ಮಗು ತಿನ್ನುತ್ತದೆ. ಎರಡನೆಯದಕ್ಕೆ ಮನಸ್ಸು ಒಪ್ಪುವವರು ಈ ಕೆಲಸಕ್ಕೆ ಇಳಿಯಬಾರದು.

ಇದರ ಮೇಲೆ ಟೆಕ್ಸಸ್ಸಿನ ಬೇಸಿಗೆಯೂ ಸೇರಿಕೊಳ್ಳುತ್ತದೆ. ಜುಲೈ, ಆಗಸ್ಟಿನಲ್ಲಿ ಹೊರಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ, ಮತ್ತು ಎಷ್ಟೋ ಅಂಗಡಿಗಳು ಶನಿವಾರ ಸಂಜೆ ಮುಚ್ಚುವಾಗ ಎಸಿ ಆರಿಸಿ ಹೋಗುತ್ತವೆ. ಸೋಮವಾರದ ಹೊತ್ತಿಗೆ ಎಂ ಅಂಡ್ ಎಂ ಎಂಬ ಕಡಲೆಬೀಜದ ಚಾಕೊಲೇಟ್ ಗುಳಿಗೆಗಳು ಒಂದಕ್ಕೊಂದು ಅಂಟಿ, ಬಣ್ಣದ ಸಿಪ್ಪೆ ಬಿರಿದು, ಗಾಲಿಯ ಗೂಡಿಗೆ ಮೆತ್ತಿಕೊಂಡಿರುತ್ತವೆ. ಮೈಕ್ ಅಂಡ್ ಐಕ್, ಹಾಟ್ ಟಮಾಲೀಸ್ ತರಹದ ಮೆತ್ತನೆಯವು ಬಿಸಿಲಿಗಿಂತ ತೇವಕ್ಕೆ ಹೆಚ್ಚು ಹೆದರುತ್ತವೆ: ಲಾಂಡ್ರೋಮ್ಯಾಟಿನ ಹಬೆಯಲ್ಲಿ ಅವು ಗಟ್ಟಿ ಮುದ್ದೆಯಾಗಿ, ಡಬ್ಬಿಯನ್ನು ತಟ್ಟಿದರೂ ಕೆಳಗಿಳಿಯುವುದಿಲ್ಲ. ಬಾಳೆಹಣ್ಣು, ಸ್ಟ್ರಾಬೆರಿಗಳ ಆಕಾರದ ಗಟ್ಟಿ ಮಿಠಾಯಿಯಾದ ರಂಟ್ಸ್ ಸ್ವಲ್ಪ ವಾಸಿ. ಗಮ್‌ಬಾಲ್ ಮಾತ್ರ ಎರಡನ್ನೂ ತಡೆದುಕೊಳ್ಳುತ್ತದೆ ಮತ್ತು ತಿಂಗಳುಗಟ್ಟಲೆ ಕೆಡುವುದಿಲ್ಲ. ಮೂರು ಡಬ್ಬಿಗಳನ್ನು ತುಂಬಲು ಈ ಊರಿನ ಬೇಸಿಗೆಯಲ್ಲಿ ಮೂರು ಬಗೆಯ ಬಾಳಿಕೆ ಬರುವ ತಿನಿಸು ಸಿಗುವುದೇ ಕಷ್ಟವೆಂಬುದು ನನ್ನ ಅನುಭವ.

ಲೆಕ್ಕವೂ ಗಮ್‌ಬಾಲಿನ ಕಡೆಗೇ ವಾಲುತ್ತದೆ. ಒಂದಿಂಚಿನ ಗಮ್‌ಬಾಲುಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 850 ಇರುತ್ತವೆ. ಒಂದಕ್ಕೆ 25 ಸೆಂಟಿನಂತೆ ಮಾರಿದರೆ ಒಂದು ಪೆಟ್ಟಿಗೆಯಿಂದ 212 ಡಾಲರ್ 50 ಸೆಂಟ್ ಬರುತ್ತದೆ, ಮತ್ತು ನನಗೆ ಒಂದು ಉಂಡೆಯ ಅಸಲು ಐದು ಸೆಂಟಿನ ಆಸುಪಾಸಿನಲ್ಲಿ ಬೀಳುತ್ತದೆ. ಮಿಠಾಯಿಯ ಗಾಲಿಯನ್ನು ಒಂದು ಸಲಕ್ಕೆ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ಬೀಳುವಂತೆ ಹೊಂದಿಸಿದರೆ ಒಂದು ಪೌಂಡಿಗೆ 32 ಸರದಿ, ಎಂಟು ಡಾಲರ್. ಪೌಂಡಿಗೆ ನಾಲ್ಕು ಡಾಲರ್ ಕೊಟ್ಟು ತಂದ ಮಿಠಾಯಿಯಾದರೆ ಅರ್ಧ ಹಣ ತಿನಿಸಿಗೇ ಹೋಯಿತು. ಜಾಗ ಕೊಟ್ಟ ಅಂಗಡಿಯವರ ಪಾಲು, ಪೆಟ್ರೋಲು, ಎಸೆದ ಸರಕು ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಬಹಳ ಅಲ್ಪ. ಗೂಡು ಕುಗ್ಗಿಸಿ ಕಡಿಮೆ ಕೊಡಬಹುದು ನಿಜ, ಆದರೆ ನಾಲ್ಕು ಕಾಳು ಬಿದ್ದ ಅಂಗೈಯನ್ನು ನೋಡಿಕೊಂಡ ಮಗು ಇನ್ನೊಂದು ನಾಣ್ಯ ಕೇಳುವುದಿಲ್ಲ.

ಒಂಟಿ ತಲೆಯ ಲೋಹದ ಯಂತ್ರಗಳಲ್ಲಿ ನಾನು ಬಳಸಿರುವುದು ಇಲಿನಾಯ್ ರಾಜ್ಯದ ಮೋರಿಸ್ ಊರಿನ ನಾರ್ತ್‌ವೆಸ್ಟರ್ನ್ ಕಂಪನಿಯ ಸೂಪರ್ 60, ಕ್ಯಾಲಿಫೋರ್ನಿಯಾದ ಓಕ್ ಕಂಪನಿಯ ವಿಸ್ಟಾ ಮತ್ತು ಕೆನಡಾದ ಬೀವರ್. ಮೂರೂ ದೀರ್ಘಕಾಲ ಬಾಳುವ ಯಂತ್ರಗಳೇ. ನಾನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡವು ಅದೆಷ್ಟು ಜನರ ಕೈ ದಾಟಿ ಬಂದಿದ್ದವೋ, ಇಂದಿಗೂ ಹಿಡಿ ಹಗುರವಾಗಿ ತಿರುಗುತ್ತದೆ. ಬೀವರಿನ ಮೈ ದಪ್ಪ, ನೋಟವೂ ಗಂಭೀರ. ಒಳ್ಳೆಯ ಅಂಗಡಿಯವರು ಬೇಗ ಒಪ್ಪುವುದು ಅದನ್ನೇ. ಸೂಪರ್ 60 ಮತ್ತು ವಿಸ್ಟಾ ಎರಡರ ಬಿಡಿಭಾಗಗಳೂ ನನಗೆ ಸುಲಭವಾಗಿ ಸಿಕ್ಕಿವೆ. ಸೂಪರ್ 60ಯಲ್ಲಿ ನನಗೆ ಬಹಳ ಹಿಡಿಸಿದ್ದು ನಡುವೆ ಹಾದುಹೋಗುವ ಒಂದೇ ಸರಳು: ಮೇಲಿನ ಬೀಗ ತೆಗೆದರೆ ಮುಚ್ಚಳ, ಬುರುಡೆ (ತಿನಿಸು ತುಂಬುವ ಪಾರದರ್ಶಕ ಡಬ್ಬಿ), ಗಾಲಿ ಒಂದೊಂದಾಗಿ ಕೈಗೆ ಬಂದು ಬುಡದಲ್ಲಿ ನಾಣ್ಯಗಳು ಕಾಣುತ್ತವೆ. ಇದರಿಂದಾಗಿ ಮನೆಯಲ್ಲಿಯೇ ತೊಳೆದು, ಒರೆಸಿ, ತುಂಬಿಟ್ಟ ಇನ್ನೊಂದು ತಲೆಯನ್ನು ಒಯ್ದು ಅಂಗಡಿಯಲ್ಲಿ ಬದಲಿಸಿ ಬರಬಹುದು. ಗಿರಾಕಿಗಳ ನಡುವೆ ನೆಲದ ಮೇಲೆ ಕೂತು ಡಬ್ಬಿ ಒರೆಸುವ ಗೋಜಿಲ್ಲ, ತಿನಿಸಿನ ಪಾತ್ರೆ ಸರಿಯಾಗಿ ಸೋಪುನೀರು ಕಂಡಿದೆಯೆಂಬ ಸಮಾಧಾನವೂ ಇದೆ. ಬುರುಡೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಹಾಕಬೇಡಿ. ಕೂದಲೆಳೆಯಂಥ ಬಿರುಕುಗಳು ಎದ್ದು ಬುರುಡೆ ಮಂಕಾಗುತ್ತದೆ. ಉಗುರುಬೆಚ್ಚಗಿನ ಸೋಪುನೀರು ಸಾಕು, ಆದರೆ ತೇವ ಪೂರ್ತಿ ಆರಿದ ಮೇಲೆಯೇ ತುಂಬಬೇಕು.

ನಾನು ಇಟ್ಟಿದ್ದ ಮೂರು ಡಬ್ಬಿಯ ಪ್ಲಾಸ್ಟಿಕ್ ಯಂತ್ರದಲ್ಲಿ ಈ ಅನುಕೂಲವಿರಲಿಲ್ಲ. ಡಬ್ಬಿಗಳು ಬುಡಕ್ಕೆ ತಿರುಪುಗಳಲ್ಲಿ ಬಿಗಿದಿದ್ದವು, ಪ್ಲಾಸ್ಟಿಕ್ ಹಲ್ಲು ಸವೆದು ಹಿಡಿ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು, ಮತ್ತು ಹಾಗೆ ಸಿಕ್ಕಿಕೊಂಡಾಗ ನಾಣ್ಯ ಕಳೆದುಕೊಂಡವರು ದೂರು ಹೇಳುತ್ತಿದ್ದುದು ಅಂಗಡಿಯ ಮಾಲೀಕರಿಗೆ. ಮೂರು ಗಾಲಿಗಳ ತಿನಿಸು ಒಂದೇ ತಟ್ಟೆಗೆ ಬೀಳುತ್ತಿದ್ದುದು ಇನ್ನೂ ಗಂಭೀರವಾದ ತೊಂದರೆ. ಒಂದರಲ್ಲಿ ಕಡಲೆಬೀಜದ ಮಿಠಾಯಿ ಇದ್ದರೆ ಅದರ ಪುಡಿ ಉಳಿದೆರಡಕ್ಕೂ ತಗಲುತ್ತದೆ, ಮತ್ತು ಕಡಲೆಬೀಜ ಕೆಲವು ಮಕ್ಕಳಿಗೆ ಪ್ರಾಣಕ್ಕೇ ಎರವಾಗುವ ಅಲರ್ಜಿ ತರುತ್ತದೆ. ಆ ಯಂತ್ರ ತೆಗೆದ ಮೇಲೆ ನನ್ನ ರೂಟಿನಲ್ಲಿ ಕಡಲೆಬೀಜವಿರುವ ಯಾವುದನ್ನೂ ಇಟ್ಟಿಲ್ಲ. ಗಮ್‌ಬಾಲಿಗೂ ಅದರದೇ ಎಚ್ಚರಿಕೆ ಬೇಕು: ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಮ್ಮು, ಗಟ್ಟಿ ಮಿಠಾಯಿ ಗಂಟಲಲ್ಲಿ ಸಿಕ್ಕುವ ಅಪಾಯವಿದೆಯೆಂದು ಇಲ್ಲಿನ ಮಕ್ಕಳ ವೈದ್ಯರು ಹೇಳುತ್ತಾರೆ. ಆದ್ದರಿಂದ ತೀರ ಚಿಕ್ಕ ಮಕ್ಕಳು ಹೆಚ್ಚಾಗಿ ಬರುವ ಜಾಗ ಸಿಕ್ಕರೂ ನಾನು ಯಂತ್ರ ಇಡುವುದಿಲ್ಲ, ಉಳಿದೆಡೆ ಬುರುಡೆಯ ಮೇಲೆ ಚೀಟಿ ಅಂಟಿಸುತ್ತೇನೆ.

ಕಂಬದ ಮೇಲಿನ ಜೋಡಿ ಇವೆರಡರ ನಡುವಿನ ದಾರಿ. ಎಡಕ್ಕೆ ಗಮ್‌ಬಾಲ್, ಬಲಕ್ಕೆ ರಂಟ್ಸ್ ಇಟ್ಟಲ್ಲಿ ವ್ಯಾಪಾರ ಒಂಟಿಗಿಂತ ಹೆಚ್ಚಾಯಿತು, ದುಪ್ಪಟ್ಟಾಗಲಿಲ್ಲ. ಜನ ಸದಾ ಇರುವ ಲಾಂಡ್ರೋಮ್ಯಾಟಿನಲ್ಲಿ ಇದು ಸಾರ್ಥಕ, ದಿನಕ್ಕೆ ಹತ್ತಾರು ಜನರಷ್ಟೇ ಬರುವ ಕ್ಷೌರದಂಗಡಿಯಲ್ಲಿ ಅಲ್ಲ. ಜೋಡಿಯ ಒಂದು ತಲೆ ಕೆಟ್ಟರೆ ಅದನ್ನಷ್ಟೇ ಬಿಚ್ಚಿ ತರಬಹುದು, ಇನ್ನೊಂದು ಮಾರುತ್ತಲೇ ಇರುತ್ತದೆ. ಮೂರು ಡಬ್ಬಿಯದರಲ್ಲಿ ಒಂದು ಕೆಟ್ಟರೆ ಇಡೀ ಯಂತ್ರವೇ ಕಾರಿಗೇರಬೇಕು.

ಬೆಲೆ ಏರಿಸುವ ಪ್ರಶ್ನೆಯಲ್ಲಿಯೂ ಲೋಹದ ಯಂತ್ರವೇ ಮುಂದೆ. ಅಂಗಡಿಯವನು ತನ್ನ ಸರಕಿನ ಬೆಲೆಯನ್ನು ಐದು ಸೆಂಟ್, ಹತ್ತು ಸೆಂಟ್ ಏರಿಸಿ ಹೊಂದಿಸಿಕೊಳ್ಳಬಹುದು. ನಮಗೆ 25ರ ನಂತರದ ಮೆಟ್ಟಿಲು 50, ಅಂದರೆ ಒಮ್ಮೆಗೇ ದುಪ್ಪಟ್ಟು. ಸಕ್ಕರೆ, ಸಾಗಣೆ ಎಲ್ಲವೂ ತುಟ್ಟಿಯಾಗುತ್ತಿರುವಾಗ ಎಂದೋ ಒಮ್ಮೆ ಆ ಮೆಟ್ಟಿಲು ಹತ್ತಲೇಬೇಕಾಗುತ್ತದೆ. ಲೋಹದ ಯಂತ್ರಗಳಲ್ಲಿ ನಾಣ್ಯದ ಭಾಗವನ್ನಷ್ಟೇ ಕಳಚಿ ಎರಡು ಕ್ವಾರ್ಟರಿನದನ್ನು ಹಾಕಬಹುದು. ನನ್ನ ಪ್ಲಾಸ್ಟಿಕ್ ಯಂತ್ರಕ್ಕೆ ಅಂಥ ಭಾಗವೇ ಸಿಗಲಿಲ್ಲ.

ಹಣ ಎಣಿಸುವುದಕ್ಕೆ ಒಂದು ತಕ್ಕಡಿ ಇಟ್ಟುಕೊಳ್ಳಿ. ಕ್ವಾರ್ಟರಿನ ತೂಕ 5.67 ಗ್ರಾಂ, ಹಾಗಾಗಿ ಒಂದು ಪೌಂಡಿಗೆ 80 ನಾಣ್ಯ, ಸರಿಯಾಗಿ 20 ಡಾಲರ್. ಅಂಗಡಿಯವರ ಎದುರಿಗೇ ತೂಗಿ ಅವರ ಪಾಲು ಕೊಟ್ಟರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಕೆನಡಾದ ಕ್ವಾರ್ಟರ್ ಅಗಲದಲ್ಲಿ ಬಹಳ ಹತ್ತಿರವಿರುವುದರಿಂದ ಕೆಲವೊಮ್ಮೆ ಒಳಗೆ ಬಂದಿರುತ್ತದೆ. 2000ದ ನಂತರದವು ಉಕ್ಕಿನವಾದ್ದರಿಂದ ಅಯಸ್ಕಾಂತ ಆಡಿಸಿದರೆ ಮೇಲೇಳುತ್ತವೆ. ಪಾಲು ಕೊಡುವ ಬದಲು ದಾನಸಂಸ್ಥೆಯ ಚೀಟಿ ಅಂಟಿಸಿ, ಯಂತ್ರಕ್ಕೆ ತಿಂಗಳಿಗಿಷ್ಟು ಎಂದು ಸಂಸ್ಥೆಗೆ ಕಟ್ಟುವ ಪದ್ಧತಿಯೂ ಇಲ್ಲಿದೆ. ಹಾಕಿದ ನಾಣ್ಯವೆಲ್ಲ ದಾನಕ್ಕೆ ಹೋಗುತ್ತದೆಂದು ಜನ ತಿಳಿಯುವುದರಿಂದ ನನಗೆ ಅದು ಒಗ್ಗಲಿಲ್ಲ.

ಯಂತ್ರಗಳು 20 ಅಥವಾ ಹೆಚ್ಚಾದರೆ ತಿನಿಸಿನ ಕ್ಯಾಲರಿಯನ್ನು ಗಿರಾಕಿಗೆ ಕಾಣುವಂತೆ ತೋರಿಸಬೇಕೆಂಬ ಫೆಡರಲ್ ನಿಯಮವಿದೆ. ಬೆಳೆಯುವ ಯೋಚನೆಯಿದ್ದವರು ಅಂಟಿಸಲು ಜಾಗವಿರುವ ಬುರುಡೆಯನ್ನೇ ಆರಿಸಿಕೊಳ್ಳಲಿ. ಮೊದಲ ಯಂತ್ರ ಕೊಳ್ಳುವವರಿಗೆ ನನ್ನ ಸಲಹೆ ಸೆಕೆಂಡ್‌ಹ್ಯಾಂಡ್ ಒಂಟಿ ತಲೆಯದು, ಒಂದಿಂಚಿನ ಗಮ್‌ಬಾಲಿನ ಗಾಲಿಯೊಂದಿಗೆ. ಕೊಳ್ಳುವ ಮುನ್ನ ಜೇಬಿನ ಕ್ವಾರ್ಟರನ್ನೇ ಹತ್ತಾರು ಸಲ ಹಾಕಿ ತಿರುಗಿಸಿ ನೋಡಿ, ನಾಣ್ಯವಿಲ್ಲದೆ ಹಿಡಿ ಜಗ್ಗಿ ಕೊಕ್ಕೆ ಹಿಡಿಯುತ್ತದೆಯೇ ಪರೀಕ್ಷಿಸಿ, ಬ್ರಷ್ಷಿನ ಕೂದಲು ಮಡಚಿದೆಯೇ ನೋಡಿ. ಬೀಗದ ಕೀಲಿ ಕೇಳಿ ಪಡೆಯಿರಿ. ಬೇರೆ ಬೇರೆ ಕಡೆಯಿಂದ ಬಂದ ಯಂತ್ರಗಳಾದರೆ ಬೀಗಗಳನ್ನೆಲ್ಲ ತೆಗೆಸಿ ಒಂದೇ ಕೀಲಿಗೆ ತೆರೆಯುವಂಥವನ್ನು ಹಾಕಿಸಿ, ಏಕೆಂದರೆ ಅಂಗಡಿಯಲ್ಲಿ ನಿಂತು ಗೊಂಚಲಿನಿಂದ ಕೀಲಿ ಹುಡುಕುವ ಹೊತ್ತೂ ಆ ಸುತ್ತಿನ ಖರ್ಚೇ.